ಬೆಂಡಿನ ಸಮಾಚಾರ

ಗುಮಾಸ್ತನಾದವನು ಹವ್ಯಾಸ ಇಟ್ಟುಕೊಳ್ಳಬಾರದೆಂದು ಯಾವ ಸರ್ಕಾರಿ ನಿಯಮದಲ್ಲಿಯೂ ಬರೆದಿಲ್ಲ. ಆದರೆ ಅವನ ಸಂಬಳವನ್ನು ಗೊತ್ತುಮಾಡಿದ ಪುಣ್ಯಾತ್ಮರು ಆ ಅಭಿಪ್ರಾಯದವರೇ ಆಗಿದ್ದಿರಬೇಕು. ದಿನಸಿ, ಹಾಲು, ಹುಡುಗನ ಶಾಲೆಯ ಫೀಜು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲಿನ ಖರ್ಚು, ಇಷ್ಟನ್ನೂ ಕಳೆದು ಉಳಿದದ್ದರಲ್ಲಿ ಒಂದು ಹವ್ಯಾಸವನ್ನು ಸಾಕಬೇಕಾದರೆ ಅದು ಬಹಳ ಕಡಮೆ ತಿನ್ನುವ ಪ್ರಾಣಿಯಾಗಿರಬೇಕು. ಹೀಗಿದ್ದೂ ನನಗೆ ಗಂಟುಬಿದ್ದದ್ದು ದೊರೆಗಳ ಆಟವೆಂದು ಹೆಸರಾದ ಫ್ಲೈ ಫಿಷಿಂಗ್.

ಅದು ಅಂಟಿದ ಬಗೆ ಸರಳವಾದದ್ದು. ನಮ್ಮ ವಿಭಾಗದಲ್ಲಿ ಕುಲ್ಲೂ ಕಡೆಯ ಹಿರಿಯರೊಬ್ಬರಿದ್ದರು. ಊಟದ ವಿರಾಮದಲ್ಲಿ ನಾನು ತುಂಗೆಯ ಮೀನಿನ ಮಾತು ತೆಗೆದರೆ ಅವರು ಬಿಯಾಸ್ ನದಿಯ ಮೀನಿನ ಮಾತು ತೆಗೆಯುವರು. ನಿವೃತ್ತರಾದ ದಿನ ಹಾರ, ತುರಾಯಿ, ಗೋಡೆ ಗಡಿಯಾರಗಳನ್ನು ತಾವು ಇಟ್ಟುಕೊಂಡು ತಮ್ಮ ಹಳೆಯ ಕೋಲನ್ನೂ ರಾಟೆಯನ್ನೂ ನನಗೆ ಕೊಟ್ಟುಹೋದರು. "ನನ್ನ ಮೊಣಕಾಲು ಇನ್ನು ಹೊಳೆಯ ಕಲ್ಲಿನ ಮೇಲೆ ನಿಲ್ಲುವುದಿಲ್ಲ, ನಿಮ್ಮದು ನಿಲ್ಲುತ್ತದೆ" ಎಂದರು. ಹಾಗೆ ಬಂದ ಕೋಲು ನಮ್ಮ ಎರಡು ಕೋಣೆಯ ವಸತಿಯಲ್ಲಿ ಬೀರುವಿನ ಹಿಂದೆ ನಿಂತಿತು.

ತೀರ್ಥಹಳ್ಳಿಯ ಕಡೆ ಗಾಳ ಹಾಕುವುದೆಂದರೆ ಎಲ್ಲರಿಗೂ ಗೊತ್ತು. ಬಿದಿರಿನ ಕೋಲು, ದಾರ, ದಾರದ ತುದಿಗೆ ಕೊಕ್ಕೆ, ಕೊಕ್ಕೆಗೆ ಎರೆಹುಳು, ನಡುವೆ ಒಂದು ಬೆಂಡು. ಬೆಂಡು ಮುಳುಗಿದರೆ ಎಳೆಯುವುದು. ಫ್ಲೈ ಫಿಷಿಂಗಿನಲ್ಲಿ ಎರೆಹುಳುವಿಲ್ಲ. ಗರಿ, ನೂಲು, ತಂತಿಗಳನ್ನು ಕೊಕ್ಕೆಯ ಮೇಲೆ ಸುತ್ತಿ ನೊಣದಂತೆಯೋ ಹುಳುವಿನಂತೆಯೋ ಕಾಣಿಸುವ ಹಾಗೆ ಕಟ್ಟಿರುತ್ತಾರೆ. ಇದು ಹತ್ತಿಯ ಬೀಜದಷ್ಟು ಹಗುರ. ಇದನ್ನು ದೂರಕ್ಕೆ ಎಸೆಯಲು ಆಗುವುದಿಲ್ಲವಾದ್ದರಿಂದ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿ, ಚಾಟಿ ಬೀಸಿದಂತೆ ಬೀಸುತ್ತಾರೆ. ದಾರ ಮುಂದೆ ಹೋಗುತ್ತದೆ. ಕೊಕ್ಕೆ ಅದರ ಹಿಂದೆ ಬಾಲದಂತೆ ಹೋಗಿ ಬೀಳುತ್ತದೆ.

ದೊರೆಗಳ ಆಟ ಎಂದೆನಲ್ಲವೆ? ಕನ್ನಡಿಗರು ಇದಕ್ಕೆ ಹುಬ್ಬೇರಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಹುಟ್ಟಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಯಾವ ಮೀನಿಗೆ ಯಾವ ಆಹಾರ, ಗಾಳ ಹಾಕುವ ಬಗೆ ಎಲ್ಲವನ್ನೂ ಅಲ್ಲಿ ಹೇಳಿದೆ. ಇಂಗ್ಲೆಂಡಿನ ಐಸಾಕ್ ವಾಲ್ಟನ್ ತನ್ನ ಪ್ರಸಿದ್ಧವಾದ ಗಾಳದ ಪುಸ್ತಕವನ್ನು ಪ್ರಕಟಿಸಿದ್ದು 1653ರಲ್ಲಿ. ನಮ್ಮ ದೊರೆ ಅವನಿಗಿಂತ ಐನೂರು ವರ್ಷ ಮೊದಲೇ ಹೊಳೆಯ ದಡದಲ್ಲಿ ಕುಳಿತಿದ್ದ.

ಈ ಆಟಕ್ಕೆ ಬೇಕಾದ ಮೀನು ಮಾತ್ರ ನಮ್ಮದಲ್ಲ. ಟ್ರೌಟ್ ಎಂಬ ಈ ತಣ್ಣೀರಿನ ಮೀನನ್ನು ಆಂಗ್ಲರು ಹಡಗಿನಲ್ಲಿ ಮೊಟ್ಟೆಯ ರೂಪದಲ್ಲಿ ತಂದು ನಮ್ಮ ಬೆಟ್ಟದ ಹೊಳೆಗಳಲ್ಲಿ ಬಿಟ್ಟರು. ಕಾಶ್ಮೀರಕ್ಕೆ ಬಂದದ್ದು 1900ರ ಸುಮಾರಿಗೆ. ಕುಲ್ಲೂ ಕಣಿವೆಗೆ 1909ರಲ್ಲಿ. ನೀಲಗಿರಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರಯತ್ನ ನಡೆದಿತ್ತಾದರೂ ಕೈಗೂಡಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಎಚ್. ಸಿ. ವಿಲ್ಸನ್ ಎಂಬಾತನ ಕೈಯಲ್ಲಿ. ಹೀಗೆ ಪರಸ್ಥಳದಿಂದ ಬಂದು, ಸಿಕ್ಕಿದ ನೀರಿಗೆ ಒಗ್ಗಿಕೊಂಡು, ಮಕ್ಕಳುಮರಿಗಳೊಂದಿಗೆ ನೆಲೆನಿಂತ ಮೀನನ್ನು ಕಂಡರೆ ದಿಲ್ಲಿಯ ಕನ್ನಡಿಗನಾದ ನನಗೆ ಸ್ವಲ್ಪ ಬಾಂಧವ್ಯ ತೋರುವುದು ಸಹಜವೇ ಸರಿ.

ಈಗ ವಿಷಯಕ್ಕೆ ಬರುತ್ತೇನೆ. ಟ್ರೌಟ್ ಮೇಲಕ್ಕೆ ನೆಗೆದು ನೊಣ ಹಿಡಿಯುವುದನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಆದರೆ ಅದು ತನ್ನ ಹೊಟ್ಟೆಯ ಹೆಚ್ಚು ಪಾಲನ್ನು ತುಂಬಿಸಿಕೊಳ್ಳುವುದು ನೀರಿನ ಅಡಿಯಲ್ಲಿಯೇ. ಹೊಳೆಯ ಕಲ್ಲನ್ನು ಎತ್ತಿ ನೋಡಿದರೆ ಅದರ ಹೊಟ್ಟೆಗೆ ಅಂಟಿಕೊಂಡು ಓಡಾಡುವ ಸಣ್ಣ ಹುಳುಗಳಿರುತ್ತವೆ. ರೆಕ್ಕೆ ಬರುವುದಕ್ಕೆ ಮೊದಲಿನ ಅವಸ್ಥೆ ಅದು. ಅವುಗಳಂತೆ ಕಟ್ಟಿದ ಗಾಳಕ್ಕೆ ನಿಂಫ್ ಎಂದು ಹೆಸರು. ಸ್ಕ್ಯೂಸ್ ಎಂಬ ಆಂಗ್ಲ ವಕೀಲನು 1910ರಲ್ಲಿ ಪುಸ್ತಕ ಬರೆದು ಈ ಪದ್ಧತಿಗೆ ದಾರಿ ಮಾಡಿಕೊಟ್ಟ. ಅನಂತರ ಫ್ರಾಂಕ್ ಸಾಯರ್ ಎಂಬ ಹೊಳೆ ಕಾಯುವ ನೌಕರನು ಕಾಡುಕೋಳಿ ಜಾತಿಯ ಫೆಸಂಟ್ ಹಕ್ಕಿಯ ಬಾಲದ ಗರಿ ಮತ್ತು ತಾಮ್ರದ ತಂತಿ, ಇವೆರಡರಿಂದಲೇ ಒಂದು ನಿಂಫನ್ನು ಕಟ್ಟಿ, 1958ರಲ್ಲಿ ತನ್ನ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ದೊರೆಗಳ ಆಟಕ್ಕೆ ಕಡೆಗೂ ಒಬ್ಬ ಸಂಬಳದ ನೌಕರನೇ ಉಪಕಾರ ಮಾಡಬೇಕಾಯಿತು.

ನಿಂಫ್ ನೀರಿನ ಅಡಿಯಲ್ಲಿ ಸೆಳವಿನೊಂದಿಗೆ ಸುಮ್ಮನೆ ತೇಲಿಹೋಗಬೇಕು. ಅದನ್ನು ಮೀನು ಬಾಯಿಗೆ ಹಾಕಿಕೊಂಡು, ಇದು ಹುಳುವಲ್ಲ ಎಂದು ತಿಳಿದು ಉಗುಳಿಬಿಡುವುದಕ್ಕೆ ಒಂದು ಕ್ಷಣ ಸಾಕು. ದಾರ ಸಡಿಲವಾಗಿರುವುದರಿಂದ ಕೈಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ದಾರದ ಮೇಲೆ, ನೀರಿನ ಮಟ್ಟದಲ್ಲಿ ತೇಲುವ ಒಂದು ಗುರುತು ಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟ್ರೈಕ್ ಇಂಡಿಕೇಟರ್ ಎಂದು ಗಂಭೀರವಾದ ಹೆಸರಿದೆ. ಅಂಗಡಿಯಲ್ಲಿ ಅದನ್ನು ವಿಚಾರಿಸಿದೆ. ಹೊರದೇಶದಿಂದ ಬಂದ ಮೂರು ಬಣ್ಣದ ಗುಂಡುಗಳ ಒಂದು ಪೊಟ್ಟಣಕ್ಕೆ ಹೇಳಿದ ಬೆಲೆಯಲ್ಲಿ ನಮ್ಮ ಮನೆಗೆ ಒಂದು ವಾರದ ತರಕಾರಿ ಬರುತ್ತದೆ. ಪೊಟ್ಟಣವನ್ನು ಮರ್ಯಾದೆಯಿಂದ ಅದರ ಜಾಗದಲ್ಲಿಯೇ ಇಟ್ಟು ಬಂದೆ.

ಆ ದಿನಗಳಲ್ಲಿ ಅಪ್ಪಯ್ಯ ನಮ್ಮ ಮನೆಯಲ್ಲಿದ್ದರು. ಅಮ್ಮ ತೀರಿಕೊಂಡು ವರ್ಷ ತುಂಬಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ನಾನೇ ಊರಿಗೆ ಹೋಗಿ ಕರೆದುಕೊಂಡು ಬಂದಿದ್ದೆ. ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು. ಇನ್ನೊಂದನ್ನು ಹೆಚ್ಚು ದಿನ ತಳ್ಳಬಾರದೆಂದು ವೈದ್ಯರು ಹೇಳಿದ್ದರು. ಅಪ್ಪಯ್ಯ ಮಾತ್ರ ಒಪ್ಪಲೊಲ್ಲರು. "ಒಂದು ಕಣ್ಣು ಸಾಕು ಮಾರಾಯ. ನೋಡುವುದಕ್ಕೆ ಇನ್ನೆಂತ ಉಳಿದಿದೆ? ಊರಿಗೆ ಒಂದು ಟಿಕೇಟು ತೆಗೆಸಿಕೊಡು" ಎನ್ನುವರು. ದಿನಕ್ಕೆ ಅವರು ಆಡುತ್ತಿದ್ದ ಮಾತು ಹೆಚ್ಚುಕಡಮೆ ಅಷ್ಟೆ. ನಾನು ಕಛೇರಿಗೆ, ಹುಡುಗ ಶಾಲೆಗೆ, ಮನೆಯವಳು ತನ್ನ ಕೆಲಸಕ್ಕೆ ಹೊರಟುಹೋದ ಮೇಲೆ ಆ ಬೀದಿಯಲ್ಲಿ ಅವರ ಜೊತೆ ಕನ್ನಡದಲ್ಲಿ ಮಾತಾಡುವ ಒಂದು ಪ್ರಾಣಿಯೂ ಇರಲಿಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ತಮ್ಮ ಕಂಬಳಿಯನ್ನು ಮೊಣಕಾಲಿನ ಮೇಲೆ ಹೊದೆದು, ಎದುರಿನ ಗೋಡೆ ನೋಡುತ್ತ ಕುಳಿತಿರುವರು. ಮೊಮ್ಮಗನಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಉತ್ತರ ಹಿಂದಿಯಲ್ಲಿ ಬರುತ್ತಿತ್ತು. ಹೀಗಾಗಿ ತಾತ ಮೊಮ್ಮಗನ ನಡುವಿನ ಸಂಭಾಷಣೆ ಎರಡು ಇಲಾಖೆಗಳ ನಡುವಿನ ಪತ್ರವ್ಯವಹಾರದಂತೆ ನಿಧಾನವಾಗಿತ್ತು.

ಒಂದು ಭಾನುವಾರ ನಾನು ನೆಲದ ಮೇಲೆ ಸಾಮಾನು ಹರಡಿಕೊಂಡು ಕುಳಿತೆ. ಹಳೆಯ ಹವಾಯಿ ಚಪ್ಪಲಿ, ಶೀಸೆಯ ಬಿರಡೆ, ಟೆಲಿವಿಷನ್ನಿನ ಪೆಟ್ಟಿಗೆಯೊಳಗೆ ಬಂದಿದ್ದ ಥರ್ಮೋಕೋಲ್, ಮನೆಯವಳ ಸ್ವೆಟರಿನಲ್ಲಿ ಉಳಿದ ಉಣ್ಣೆ. ಅಪ್ಪಯ್ಯ ಸ್ವಲ್ಪ ಹೊತ್ತು ನೋಡಿದರು.

"ಎಂಥದಾ ಅದು?"

ವಿವರಿಸಿದೆ. ಪೂರಾ ಕೇಳಿಕೊಂಡು, "ಬೆಂಡು ಅನ್ನು. ಅದಕ್ಕೆ ಇಷ್ಟುದ್ದ ಹೇಳಬೇಕಾ?" ಎಂದರು.

ನಿಜ, ಕನ್ನಡದಲ್ಲಿ ಅದು ಬೆಂಡು. ಮದುವೆಯ ಬಾಸಿಂಗ ಮಾಡುವುದು ಬೆಂಡಿನಿಂದ. ಜೋಳದ ದಂಟು ಸೀಳಿ ಒಳಗಿನ ಬೆಂಡಿನಿಂದ ಗಾಡಿ, ಎತ್ತು ಮಾಡಿ ಆಡುವ ಮಕ್ಕಳು ಬಯಲುಸೀಮೆಯಲ್ಲಿದ್ದಾರೆ. ದುಡಿದು ದುಡಿದು ಒಳಗಿನ ಸತ್ತ್ವವೆಲ್ಲ ಹೋದವನನ್ನು ಬೆಂಡಾದ ಎನ್ನುತ್ತೇವೆ. ತಿಂಗಳ ಕೊನೆಯ ವಾರದಲ್ಲಿ ನನ್ನನ್ನು ನೋಡಿದವರಿಗೆ ಈ ಪ್ರಯೋಗ ಬೇರೆಯಾಗಿ ವಿವರಿಸಬೇಕಾಗಿಲ್ಲ. ಭಾರವಿಲ್ಲದ್ದು, ನೀರಿನಲ್ಲಿ ಮುಳುಗದ್ದು, ಅದು ಬೆಂಡು. ಹುಡುಗ ಅದನ್ನು ಎರಡು ಸಲ ಹೇಳಿನೋಡಿದ. "ಬೆಂಡು, ಬೆಂಡು." ಅವನಿಗೆ ಹಿಡಿಸಿತು.

ಮಾಡುವ ವಿಧಾನಗಳನ್ನು ಇಲ್ಲಿ ಬರೆಯುತ್ತೇನೆ. ಗಾಳದ ಗೊಡವೆ ಇಲ್ಲದವರೂ ಮಕ್ಕಳೊಂದಿಗೆ ಬಕೆಟ್ಟಿನಲ್ಲಿ ತೇಲಿಸಿ ನೋಡಬಹುದು.

ಮೊದಲನೆಯದು ಬಿರಡೆಯ ಬೆಂಡು. ಬಿರಡೆಯನ್ನು ಬ್ಲೇಡಿನಿಂದ ಕಡಲೆಕಾಯಿ ಬೀಜದಷ್ಟು ಗಾತ್ರಕ್ಕೆ ಕೊಯ್ದು, ಉಜ್ಜುಕಾಗದದಿಂದ ದುಂಡಗೆ ಮಾಡಿ, ಕಾಯಿಸಿದ ದಬ್ಬಣದಿಂದ ನಡುವೆ ತೂತು ಮಾಡಬೇಕು. ತೂತಿನಲ್ಲಿ ದಾರ ತೂರಿಸಿ, ಉರಿದುಹೋದ ಊದುಬತ್ತಿಯ ಕಡ್ಡಿಯ ಚೂರನ್ನು ಪಕ್ಕದಲ್ಲಿ ಬಿಗಿಯಾಗಿ ಸಿಗಿಸಿದರೆ ಬೆಂಡು ಜಾರದೆ ನಿಲ್ಲುತ್ತದೆ. ಕಡ್ಡಿ ಎಳೆದರೆ ಬೇಕಾದಲ್ಲಿಗೆ ಸರಿಸಬಹುದು. ಬಣ್ಣಕ್ಕೆ ಉಗುರುಬಣ್ಣವೇ ಶ್ರೇಷ್ಠ. ಒಣಗಿದರೆ ನೀರಿಗೆ ಜಗ್ಗುವುದಿಲ್ಲ. ಆದರೆ ಥರ್ಮೋಕೋಲಿಗೆ ಉಗುರುಬಣ್ಣ ಹಚ್ಚಲಾಗದು. ಅದರಲ್ಲಿರುವ ದ್ರಾವಕವು ಥರ್ಮೋಕೋಲನ್ನು ಬೆಲ್ಲದಂತೆ ಕರಗಿಸುತ್ತದೆ. ಹುಡುಗನಿಗೆ ಈ ವಿನಾಶವೇ ಎಲ್ಲಕ್ಕಿಂತ ರುಚಿಸಿ, ಇನ್ನೂ ನಾಲ್ಕು ಚೂರುಗಳನ್ನು ಹಾಗೆಯೇ ಕರಗಿಸಿದ. ಅವನ ತಾಯಿ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಹೊಸದೊಂದನ್ನು ತಂದುಕೊಡಬೇಕೆಂದು ಆಜ್ಞೆ ಮಾಡಿದಳು. ಅದನ್ನು ಲೆಕ್ಕಕ್ಕೆ ಹಿಡಿದರೆ ನಮ್ಮ ಬೆಂಡುಗಳ ಉತ್ಪಾದನಾ ವೆಚ್ಚ ಸ್ವಲ್ಪ ಏರುತ್ತದೆ.

ಎರಡನೆಯದು ಚಪ್ಪಲಿಯ ಬೆಂಡು. ಸವೆದ ಹವಾಯಿ ಚಪ್ಪಲಿಯ ಅಟ್ಟೆಯೊಳಗೆ ಸಣ್ಣ ಸಣ್ಣ ಗಾಳಿಯ ಗುಳ್ಳೆಗಳಿರುವುದರಿಂದ ಚೆನ್ನಾಗಿ ತೇಲುತ್ತದೆ. ಬಟಾಣಿಯಷ್ಟು ತುಂಡು ಕತ್ತರಿಸಿ, ನಡುವಿನವರೆಗೆ ಒಂದು ಸೀಳು ಕೊಟ್ಟು, ದಾರವನ್ನು ಅದರಲ್ಲಿ ಒಂದು ಸುತ್ತು ಸುತ್ತಿ ಒತ್ತಿದರಾಯಿತು. ಗಟ್ಟಿ, ಅಗ್ಗ, ಮುಗಿಯುವುದೇ ಇಲ್ಲ. ಆದರೆ ನೀರಿಗೆ ಬೀಳುವಾಗ ಟಪ್ಪೆಂದು ಸದ್ದು ಮಾಡುತ್ತದೆ. ತಿಳಿನೀರಿನ ಟ್ರೌಟ್ ಮಹಾ ಅಂಜುಬುರುಕ. ಆ ಸದ್ದಿಗೆ ಕಲ್ಲಿನ ಕೆಳಗೆ ಸೇರಿಬಿಡುತ್ತದೆ.

ಮೂರನೆಯದು ಉಣ್ಣೆಯ ಬೆಂಡು. ಇದು ಎಲ್ಲಕ್ಕಿಂತ ಮೃದುವಾಗಿ ಬೀಳುತ್ತದೆ. ಕಡಮೆ ಗಾಳಿಯನ್ನು ತಡೆಯುತ್ತದೆಯಾದ್ದರಿಂದ ಎಸೆಯುವುದೂ ಸುಲಭ. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಕ್ಕಿಕಾಳಿನ ಉದ್ದ ಕತ್ತರಿಸಿ ಕೊಳವೆ ಮಾಡಿಕೊಳ್ಳಬೇಕು. ದಾರವನ್ನು ಮಡಿಸಿ ಆ ಕೊಳವೆಯಲ್ಲಿ ತೂರಿಸಿ, ಹೊರಬಂದ ಕುಣಿಕೆಯೊಳಗೆ ಹಿಂಜಿದ ಉಣ್ಣೆಯ ಎಳೆಗಳನ್ನು ಇಟ್ಟು, ದಾರ ಎಳೆದರೆ ಉಣ್ಣೆ ಕೊಳವೆಯ ಬಾಯಿಗೆ ಬಿಗಿಯಾಗಿ ಕೂರುತ್ತದೆ. ಅನಂತರ ಕತ್ತರಿಯಿಂದ ಮೊಗ್ಗಿನ ಆಕಾರಕ್ಕೆ ಕತ್ತರಿಸಬೇಕು. ಗಂಟಿಲ್ಲದ್ದರಿಂದ ಬೇಕಾದಾಗ ಬಿಚ್ಚಬಹುದು, ಸರಿಸಬಹುದು.

ಇವುಗಳ ಪರೀಕ್ಷೆ ಸ್ನಾನದ ಮನೆಯ ಬಕೆಟ್ಟಿನಲ್ಲಿ ಆರಂಭವಾಯಿತು. ಕಡತಗಳೆಲ್ಲ ಕಂಪ್ಯೂಟರಿನೊಳಕ್ಕೆ ಹೋದ ಮೇಲೆ ನಿರುದ್ಯೋಗಿಗಳಾಗಿದ್ದ ಗುಂಡುಪಿನ್ನುಗಳು ಮನೆಯಲ್ಲಿ ಒಂದು ಡಬ್ಬಿಯಷ್ಟು ಇದ್ದುವು. ಒಂದೊಂದು ಬೆಂಡಿಗೂ ಒಂದೊಂದೇ ಪಿನ್ನು ತೂಗಿಸುತ್ತ, ಎಷ್ಟಕ್ಕೆ ಮುಳುಗುತ್ತದೆಂದು ನೋಡುವುದು. ಬೆಂಡು ದೊಡ್ಡದಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ನಿಂಫನ್ನು ಹೊರುವಷ್ಟೇ ಶಕ್ತಿ ಇರಬೇಕು. ಹೆಚ್ಚಾದರೆ ಮೀನು ಎಳೆದಾಗ ಬೆಂಡು ತಡೆಯುತ್ತದೆ. ಮೀನಿಗೆ ಸಂಶಯ ಬಂದು ಬಿಟ್ಟುಬಿಡುತ್ತದೆ.

ಅಪ್ಪಯ್ಯ ಊರಿನಲ್ಲಿ ಸಹಕಾರ ಸಂಘದ ಲೆಕ್ಕ ಬರೆದವರು. ಲೆಕ್ಕವಿಲ್ಲದೆ ಪರೀಕ್ಷೆ ನಡೆಯುವುದು ಅವರಿಗೆ ಸಹಿಸಲಿಲ್ಲ. ಹುಡುಗನಿಂದ ಒಂದು ನೋಟುಪುಸ್ತಕ ತರಿಸಿ ಗೆರೆ ಹಾಕಿಸಿದರು. ಬೆಂಡಿನ ಜಾತಿ, ಹೊತ್ತ ಪಿನ್ನು, ತೇಲಿದ ಹೊತ್ತು, ಷರಾ. ಬರೆಯುವುದು ಹುಡುಗನ ಕೆಲಸ, ಕನ್ನಡದಲ್ಲಿಯೇ ಬರೆಯಬೇಕು. ಸಂಘದ ಭಾನುವಾರದ ತರಗತಿಯಲ್ಲಿ ಎರಡು ವರ್ಷದಿಂದ ಅಕ್ಷರಮಾಲೆಯಲ್ಲಿಯೇ ಕಾಲ ತಳ್ಳುತ್ತಿದ್ದ ಹುಡುಗನಿಗೆ ಒತ್ತಕ್ಷರ ಬಂದದ್ದು ಹೀಗೆ. "ಷರಾ ಅಂದರೇನು ಅಜ್ಜಯ್ಯ?" ಎಂದು ಕೇಳಿದ. "ನಿನಗೆ ಕಂಡದ್ದನ್ನು ಒಂದು ಮಾತಿನಲ್ಲಿ ಬರೆಯುವುದು" ಎಂದರು ಅಪ್ಪಯ್ಯ. ಆ ಪುಸ್ತಕ ಈಗಲೂ ಮನೆಯಲ್ಲಿದೆ. ಸ್ವೆಟರಿನ ಉಣ್ಣೆಯ ಮುಂದೆ ಹುಡುಗ ಬರೆದ ಷರಾ: "ನೀರು ಕುಡಿಯಿತು. ಸತ್ತಿತು."

ಉಣ್ಣೆಯ ತೊಂದರೆ ಅದೇ. ಹತ್ತು ನಿಮಿಷದಲ್ಲಿ ನೆನೆದು ಮುಳುಗುತ್ತಿತ್ತು. ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಜಿಡ್ಡಿನ ಔಷಧಿ ಇದೆಯೆಂದು ನಾನು ಹೇಳುತ್ತಿರುವಾಗಲೇ ಅಪ್ಪಯ್ಯ ತಮ್ಮ ಮೊಣಕಾಲಿನ ಮೇಲಿದ್ದ ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತರು.

"ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿ ನಿಲ್ಲುತ್ತಿದ್ದೆವಲ್ಲ, ಒಳಗೆ ನೀರು ಬರುತ್ತಿತ್ತೇನು? ಇದನ್ನು ಕಟ್ಟಿ ನೋಡು."

ಕಂಬಳಿಯ ಉಣ್ಣೆ ಒರಟು. ಅದರಲ್ಲಿ ಕುರಿಯ ಮೈಯ ಜಿಡ್ಡು ಪೂರ್ತಿ ಹೋಗಿರುವುದಿಲ್ಲ. ಸ್ವೆಟರಿನ ನೂಲನ್ನು ತೊಳೆದು, ಬಣ್ಣ ಹಾಕಿ, ಆ ಜಿಡ್ಡನ್ನೆಲ್ಲ ತೆಗೆದಿರುತ್ತಾರೆ. ಕಂಬಳಿಯ ಎಳೆಯನ್ನು ಹಿಂಜಿ, ಮೇಲೆ ಸ್ವಲ್ಪ ಮೇಣದಬತ್ತಿ ಉಜ್ಜಿ ಬಕೆಟ್ಟಿಗೆ ಬಿಟ್ಟೆವು. ರಾತ್ರಿ ಮಲಗುವಾಗ ತೇಲುತ್ತಿತ್ತು. ಬೆಳಗ್ಗೆ ಎದ್ದಾಗಲೂ ತೇಲುತ್ತಿತ್ತು. ಹುಡುಗ ಹಲ್ಲುಜ್ಜುವ ಮೊದಲು ಷರಾ ಬರೆದ: "ಗೆದ್ದಿತು." ಚಳ್ಳಕೆರೆಯ ಕಡೆಯ ಕಂಬಳಿಯೊಂದು ದಿಲ್ಲಿಯ ಸರ್ಕಾರಿ ವಸತಿಯ ಬಕೆಟ್ಟಿನಲ್ಲಿ ಹೊರದೇಶದ ಗುಂಡುಗಳನ್ನು ಸೋಲಿಸಿತೆಂದು ಅಪ್ಪಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಉಳಿದದ್ದು ಬಣ್ಣದ ಪ್ರಶ್ನೆ. ಬೆಂಡು ದೂರದಿಂದ ಕಾಣಬೇಕು. ಇದಕ್ಕೆ ಬಕೆಟ್ಟು ಸಾಲದು. ಒಂದು ಸಂಜೆ ಮೂವರೂ ಲೋದಿ ಉದ್ಯಾನಕ್ಕೆ ಹೋದೆವು. ಅಲ್ಲಿ ಅಕ್ಬರನ ಕಾಲದ ಎಂಟು ಕಂಬಗಳ ಸೇತುವೆಯ ಬಳಿ ಕೊಳವಿದೆ. ಬಿಳಿ, ಹಳದಿ, ಕಿತ್ತಳೆ, ಕೆಂಪು, ಕಪ್ಪು, ಹೀಗೆ ಐದು ಬೆಂಡುಗಳನ್ನು ಒಂದೇ ದಾರಕ್ಕೆ ಮಾರುದ್ದಕ್ಕೊಂದರಂತೆ ಕಟ್ಟಿ ನೀರಿಗೆ ಬಿಟ್ಟೆವು. ಅಪ್ಪಯ್ಯ ಬೆಂಚಿನ ಮೇಲೆ ಕುಳಿತು ಹೇಳಬೇಕು, ಹುಡುಗ ಬರೆಯಬೇಕು. ಬಿಳಿಯದು ನೊರೆಯ ಹಾಗೆ ಕಾಣುವುದರಿಂದ ಪ್ರಯೋಜನವಿಲ್ಲ ಎಂದಾಯಿತು. ನೆರಳಿದ್ದ ಕಡೆ ಹಳದಿ, ಕಿತ್ತಳೆ ಚೆನ್ನಾಗಿ ಕಂಡವು. ಸೂರ್ಯ ಇಳಿದು ನೀರೆಲ್ಲ ತಗಡಿನಂತೆ ಹೊಳೆಯತೊಡಗಿದಾಗ ಆ ಬಣ್ಣಗಳೆಲ್ಲ ಮಾಯವಾಗಿ, ಕಂಬಳಿಯ ಕಪ್ಪು ಬೆಂಡೊಂದೇ ಸ್ಪಷ್ಟವಾಗಿ ನಿಂತಿತು. ಅನುಭವಸ್ಥ ಗಾಳಗಾರರು ಹೇಳುವುದೂ ಇದನ್ನೇ: ನೆರಳಿಗೆ ತಿಳಿಬಣ್ಣ, ಹೊಳಪಿಗೆ ಕಪ್ಪು.

ಆಗ ಹುಡುಗ, "ಅಜ್ಜಯ್ಯ, ಈಗ ಆ ಕಣ್ಣಿನಿಂದ ನೋಡು" ಎಂದ.

ಚಿಕಿತ್ಸೆಯಾದ ಕಣ್ಣನ್ನು ಅಪ್ಪಯ್ಯ ಅಂಗೈಯಿಂದ ಮುಚ್ಚಿಕೊಂಡರು. ಬಹಳ ಹೊತ್ತು ನೋಡಿದರು. ಹುಡುಗ ಪೆನ್ಸಿಲು ಹಿಡಿದು ಕಾಯುತ್ತಲೇ ಇದ್ದ. ಪೊರೆ ಬಂದ ಕಣ್ಣಿಗೆ ಬೆಳಕು ಚದುರಿ ಎಲ್ಲವೂ ಮಂಜಾಗುತ್ತದೆ, ಬಣ್ಣಗಳೆಲ್ಲ ಹಳದಿಗೆ ತಿರುಗುತ್ತವೆ ಎಂದು ವೈದ್ಯರು ನನಗೆ ಹೇಳಿದ್ದರು; ನಾನು ಅವರಿಗೆ ಹೇಳಿದ್ದೆ. ಹೇಳಿದ್ದು ಬೇರೆ, ಕಂಡದ್ದು ಬೇರೆ.

"ಎಷ್ಟು ಕಾಣುತ್ತೆ ಅಜ್ಜಯ್ಯ?"

"ಯಾವುದೂ ಇಲ್ಲ ಅಂತ ಬರಿ."

ಹುಡುಗ ಬರೆದ. ಷರಾದ ಜಾಗದಲ್ಲಿ ಏನು ಬರೆಯಬೇಕೆಂದು ಕೇಳಿದ. ಅಪ್ಪಯ್ಯ ಕೈ ತೆಗೆದು, ಮತ್ತೆ ಕೊಳವನ್ನೂ, ಸೇತುವೆಯನ್ನೂ, ಪಕ್ಕದಲ್ಲಿದ್ದ ಮೊಮ್ಮಗನ ಮುಖವನ್ನೂ ನೋಡಿದರು. ಮನೆಗೆ ಬರುವ ಬಸ್ಸಿನಲ್ಲಿ ನನ್ನ ಕಡೆ ತಿರುಗದೆಯೇ, "ಆ ಡಾಕ್ಟರು ಯಾವತ್ತು ಬರಬೇಕು ಅಂದಿದ್ದರು?" ಎಂದು ಕೇಳಿದರು. ಆ ತಿಂಗಳು ಟಿಕೇಟಿನ ಮಾತು ಬರಲಿಲ್ಲ. ಎರಡನೆಯ ಕಣ್ಣಿನ ಚಿಕಿತ್ಸೆ ಚಳಿಗಾಲಕ್ಕೆ ಮುಂಚೆಯೇ ಆಯಿತು. ನಾನೂ ನನ್ನ ಮನೆಯವಳೂ ನಾಲ್ಕು ತಿಂಗಳು ಹೇಳಿ ಆಗದ ಕೆಲಸವನ್ನು ಐದು ಬೆಂಡುಗಳು ಒಂದು ಸಂಜೆಯಲ್ಲಿ ಮಾಡಿದ್ದವು.

ಹಿಮಾಚಲದ ಹೊಳೆಗಳಲ್ಲಿ ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ ಟ್ರೌಟ್ ಹಿಡಿಯುವುದು ನಿಷಿದ್ಧ. ಅದು ಅವು ಮೊಟ್ಟೆಯಿಡುವ ಕಾಲ. ಹಾಗಾಗಿ ಏಪ್ರಿಲಿನವರೆಗೆ ಕಾದು, ಮೂರು ದಿನದ ರಜೆಗೆ ಭಾನುವಾರ ಸೇರಿಸಿಕೊಂಡು ಹೊರಟೆವು. ದಿಲ್ಲಿಯಿಂದ ರಾತ್ರಿಯ ಮನಾಲಿ ಬಸ್ಸು ಹತ್ತಿದರೆ ಬೆಳಗ್ಗೆ ಔಟ್ ಎಂಬಲ್ಲಿ ಸುರಂಗಕ್ಕೆ ಮೊದಲು ಇಳಿಯಬಹುದು. ಅಲ್ಲಿಂದ ಬಂಜಾರದ ಕಡೆ ಹೋಗುವ ಬಸ್ಸು. ನಾವು ಆರಿಸಿಕೊಂಡ ಹೊಳೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಹಿಮದಲ್ಲಿ ಹುಟ್ಟಿ ಲಾರ್ಜಿಯಲ್ಲಿ ಬಿಯಾಸನ್ನು ಸೇರುವ ತೀರ್ಥನ್. ಹೆಸರು ಕೇಳಿದ ಕೂಡಲೆ ಅಪ್ಪಯ್ಯ, "ನಮ್ಮ ತೀರ್ಥಹಳ್ಳಿಯ ಪೈಕಿಯೇ ಇರಬೇಕು" ಎಂದು ತೀರ್ಮಾನಿಸಿಬಿಟ್ಟರು. ಮೀನುಗಾರಿಕೆ ಇಲಾಖೆಗೆ ಹಣ ಕಟ್ಟಿ ಪರವಾನಗಿ ತೆಗೆದುಕೊಳ್ಳಬೇಕು. ದಿನಕ್ಕೆ ಇಷ್ಟೇ ಮೀನು, ಚಿಕ್ಕ ಮೀನನ್ನು ಮರಳಿ ಬಿಡಬೇಕು ಎಂಬ ನಿಯಮಗಳಿವೆ. ಗುಮಾಸ್ತನಾದ ನನಗೆ ನಿಯಮವಿರುವ ಹೊಳೆ ಎಂದರೆ ಇನ್ನಷ್ಟು ಗೌರವ.

ಬೆಂಡನ್ನು ಎಲ್ಲಿ ಕಟ್ಟಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ನೀರು ಎಷ್ಟು ಆಳವೋ ಅದರ ಒಂದೂವರೆಯಷ್ಟು ದೂರದಲ್ಲಿ, ನಿಂಫಿನಿಂದ ಮೇಲಕ್ಕೆ. ದಾರ ನೀರಿನಲ್ಲಿ ನೆಟ್ಟಗೆ ಇಳಿಯದೆ ಓರೆಯಾಗಿ ಇಳಿಯುವುದರಿಂದ ಈ ಹೆಚ್ಚಿನ ಅರ್ಧ. ಇನ್ನೊಂದು ಗುಟ್ಟು ಇದೆ. ಹೊಳೆಯ ಮೇಲ್ಮೈ ನೀರು ಬೇಗ ಓಡುತ್ತದೆ. ತಳದ ನೀರು ಕಲ್ಲುಗಳಿಗೆ ತಾಗಿ ನಿಧಾನವಾಗಿ ಹರಿಯುತ್ತದೆ. ನಿಂಫ್ ತಳಕ್ಕೆ ಇಳಿದಿದ್ದರೆ ಅದು ಬೆಂಡನ್ನು ಹಿಂದಕ್ಕೆ ಹಿಡಿಯುತ್ತದೆ. ಆದ್ದರಿಂದ ಬೆಂಡು ಪಕ್ಕದ ನೊರೆಗುಳ್ಳೆಗಳಿಗಿಂತ ಸ್ವಲ್ಪ ನಿಧಾನವಾಗಿ ಹೋಗುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಗುಳ್ಳೆಗಳ ಜೊತೆಜೊತೆಗೇ ಓಡುತ್ತಿದ್ದರೆ ನಿಂಫ್ ಇನ್ನೂ ಮೇಲೆಯೇ ಇದೆ. ಮೀನು ಹಿಡಿದಾಗ ಊರಿನ ಬೆಂಡಿನಂತೆ ಇದು ಗುಳುಕ್ಕೆಂದು ಮುಳುಗುವುದು ಅಪರೂಪ. ಒಂದು ಕ್ಷಣ ನಿಲ್ಲುತ್ತದೆ, ಇಲ್ಲವೆ ಕೊಂಚ ಓರೆಯಾಗುತ್ತದೆ, ಅಷ್ಟೆ. ಆ ಕ್ಷಣದಲ್ಲಿ ಕೋಲು ಎತ್ತಬೇಕು.

ಮೊದಲನೆಯ ದಿನ ಏನೂ ಸಿಗಲಿಲ್ಲ. ಎರಡನೆಯ ದಿನ ಸಂಜೆ ನಾನು ಮೊಣಕಾಲುದ್ದದ ಹಿಮದ ನೀರಿನಲ್ಲಿ ನಿಂತಿದ್ದೆ. ಕಾಲು ಇದೆಯೋ ಇಲ್ಲವೋ ತಿಳಿಯದು. ಅಪ್ಪಯ್ಯ ದಡದ ಬಂಡೆಯ ಮೇಲೆ ಕಂಬಳಿ ಹೊದೆದು ಕುಳಿತಿದ್ದರು, ಪಕ್ಕದಲ್ಲಿ ಹುಡುಗ. ನೀರು ಹೊಳೆಯುತ್ತಿದ್ದುದರಿಂದ ಕಪ್ಪು ಬೆಂಡನ್ನು ಕಟ್ಟಿದ್ದೆ. ಅದು ಒಂದು ದೊಡ್ಡ ಕಲ್ಲಿನ ಹಿಂದಿನ ಸುಳಿಯ ಅಂಚಿಗೆ ತೇಲಿಬಂತು.

"ನಿಂತಿತು, ಎಳಿ!"

ದಡದಿಂದ ಇಪ್ಪತ್ತು ಮಾರು ದೂರದಲ್ಲಿದ್ದ ಕಡಲೆಕಾಯಿ ಬೀಜದಷ್ಟು ಕಂಬಳಿಯ ಎಳೆ ನಿಂತದ್ದನ್ನು ಅಪ್ಪಯ್ಯ ನನಗಿಂತ ಮೊದಲು ಕಂಡಿದ್ದರು. ಎಳೆದೆ. ಕೋಲು ಬಾಗಿತು. ಬಂದದ್ದು ಒಂದು ಗೇಣುದ್ದದ ಕಂದುಬಣ್ಣದ ಟ್ರೌಟ್, ಮೈಮೇಲೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆಗಳು. ಒಣಕೈಯಿಂದ ಮುಟ್ಟಿದರೆ ಮೀನಿನ ಮೈಯ ಲೋಳೆ ಕಿತ್ತುಬಂದು ಅದಕ್ಕೆ ಕೇಡು. ಆದ್ದರಿಂದ ಕೈ ಒದ್ದೆ ಮಾಡಿಕೊಂಡು ಹಿಡಿದು, ಹುಡುಗನಿಗೂ ಅಪ್ಪಯ್ಯನಿಗೂ ತೋರಿಸಿ, ನಿಯಮದ ಪ್ರಕಾರ ಚಿಕ್ಕದಾದ್ದರಿಂದ ನೀರಿಗೆ ಬಿಟ್ಟೆ.

"ಇಷ್ಟು ದೂರ ಬಂದು, ಇಷ್ಟು ಚಳಿಯಲ್ಲಿ ನಿಂತು ಹಿಡಿದದ್ದನ್ನು ಬಿಟ್ಟೆಯಲ್ಲ ಮಾರಾಯ!" ಎಂದು ಅಪ್ಪಯ್ಯ ಹಣೆ ಚಚ್ಚಿಕೊಂಡರು. ಮಳೆಗಾಲದ ಮೊದಲಿಗೆ ಹತ್ತುಮೀನಿಗೆ ಕೂಣಿ ಇಟ್ಟು, ಮೀನನ್ನು ಗಸಿ ಮಾಡಿಸಿ ಉಂಡ ಮನುಷ್ಯನಿಗೆ ಈ ಆಟ ಅರ್ಥವಾಗುವುದು ಕಷ್ಟ. ಆದರೆ ಸ್ವಲ್ಪ ಹೊತ್ತಿನ ಮೇಲೆ ತಾವೇ ಮೊಮ್ಮಗನಿಗೆ ಹೇಳುತ್ತಿದ್ದರು: ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಪುರಿ ಹಾಕಿದರೆ ತೊಡೆಯ ಗಾತ್ರದ ಮೀನುಗಳು ಮೇಲೆ ಬರುತ್ತವೆ, ತೀರ್ಥಹಳ್ಳಿಯ ಹತ್ತಿರ ಚಿಬ್ಬಲಗುಡ್ಡೆಯಲ್ಲಿಯೂ ಹಾಗೆಯೇ. "ಹೊಳೆ ಅಂದಮೇಲೆ ಹಿಡಿಯುವ ಜಾಗ ಒಂದು, ಬಿಡುವ ಜಾಗ ಒಂದು ಇರಬೇಕು" ಎಂದರು. ಹುಡುಗ, "ನಮ್ಮ ಹೊಳೆಗೆ ಯಾವಾಗ ಹೋಗೋದು ಅಜ್ಜಯ್ಯ?" ಎಂದು ಕೇಳಿದ. ಕನ್ನಡದಲ್ಲಿಯೇ ಕೇಳಿದ. 'ನಮ್ಮ ಹೊಳೆ' ಎಂದದ್ದನ್ನು ನಾನೂ ಗಮನಿಸಿದೆ, ಅಪ್ಪಯ್ಯನೂ ಗಮನಿಸಿದರು. ಇಬ್ಬರೂ ಏನೂ ಹೇಳಲಿಲ್ಲ.

ಬೆಂಡು ಮಾಡುವವರಿಗೆ ಒಂದು ಮಾತು ಹೇಳುವುದಿದೆ. ಥರ್ಮೋಕೋಲನ್ನು ನಾವು ಪಟ್ಟಿಯಿಂದ ತೆಗೆದುಹಾಕಿದ್ದೇವೆ. ದಾರ ಕಡಿದು ಹೊಳೆಗೆ ಹೋದರೆ ಅದು ಪುಡಿಪುಡಿಯಾಗಿ ಎಂದೆಂದಿಗೂ ಅಲ್ಲಿಯೇ ಉಳಿಯುತ್ತದೆ. ಬಿರಡೆ, ದಂಟಿನ ಬೆಂಡು, ಉಣ್ಣೆ, ಇವು ಕೊಳೆತು ಮಣ್ಣಾಗುತ್ತವೆ. ಹವಾಯಿ ಚಪ್ಪಲಿಯದನ್ನು ಬಕೆಟ್ಟಿನ ಆಟಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ.

ಅಪ್ಪಯ್ಯ ಈಗ ಮೃಗಶಿರ ಮಳೆಗೆ ಮೊದಲು ಊರಿಗೆ ಹೋಗಿ, ಮಾರ್ಚಿಯಲ್ಲಿ ಹೊಳೆ ತೆರೆಯುವ ಹೊತ್ತಿಗೆ ನಮ್ಮಲ್ಲಿಗೆ ಬರುತ್ತಾರೆ. ಹೋಗುವ ಟಿಕೇಟನ್ನೂ ಬರುವ ಟಿಕೇಟನ್ನೂ ಒಟ್ಟಿಗೇ ತೆಗೆಸುವುದು ನಮ್ಮ ಮನೆಯ ಹೊಸ ಪದ್ಧತಿ. ಕಳೆದ ಸಲ ಅಪ್ಪೆಮಿಡಿಯ ಉಪ್ಪಿನಕಾಯಿಯ ಜೊತೆ ಒಂದು ಹಳೆಯ ಕಂಬಳಿಯ ಅರ್ಧ ತುಂಡನ್ನು ತಂದಿದ್ದಾರೆ. ಅದರಲ್ಲಿ ಉತ್ತರ ಭಾರತದ ಸಮಸ್ತ ಗಾಳಗಾರರಿಗೆ ಸಾಕಾಗುವಷ್ಟು ಬೆಂಡುಗಳಿವೆ. ಬೇಕಾದವರು ಸಂಘದ ಭಾನುವಾರದ ಕನ್ನಡ ತರಗತಿಗೆ ಬಂದು ನನ್ನ ಮಗನನ್ನು ಕೇಳಬಹುದು. ಉಚಿತವಾಗಿಯೇ ಕೊಡುತ್ತಾನೆ. ಆದರೆ ಪುಸ್ತಕದಲ್ಲಿ ಕನ್ನಡದಲ್ಲಿ ರುಜು ಹಾಕಿ, ಒಂದು ಷರಾ ಬರೆಯಬೇಕೆಂಬುದು ಅವನ ನಿಯಮ.